ಉಬುಂಟು ಡಾಕ್‌ನ ಮೌಸ್ ಮುಟ್ಟದೇ ಬಳಸೋದು, ಆಮೇಲೆ ಒಂದಿಷ್ಟು ರಿಪೇರಿ

ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕ್ಕೊಂಡ ಹೊಸದ್ರಲ್ಲಿ ಎಡಗಡೆ ನಿಂತಿರೋ ಆ ಐಕಾನ್ ಸಾಲು ಇದ್ಯಲ್ಲ, ಅದೇ ಡಾಕ್, ನನಗಂತೂ ಅದು ಸುಮ್ನೆ ಜಾಗ ತಿನ್ನುತ್ತೆ ಅನ್ಸಿ ಆಟೋ ಹೈಡ್ ಆನ್ ಮಾಡಿ ಮರ್ತೇಬಿಟ್ಟಿದ್ದೆ. ಒಂದಿನ ಕೈತಪ್ಪಿ ಸೂಪರ್ ಕೀ (ವಿಂಡೋಸ್ ಲೋಗೋ ಇರುತ್ತಲ್ಲ, ಅದು) ಜೊತೆ 2 ಒತ್ತಿಬಿಟ್ಟೆ, ಡಾಕ್‌ನಲ್ಲಿ ಎರಡನೇದಾಗಿದ್ದ ಆ್ಯಪ್ ಟಕ್ ಅಂತ ತೆರ್ಕೊಳ್ತು. ಅವತ್ತಿಂದ ಡಾಕ್ ಮೇಲೆ ಕ್ಲಿಕ್ ಮಾಡೋದೇ ಕಮ್ಮಿ ಆಗಿದೆ.

ಸೂಪರ್ ಜೊತೆ 1ರಿಂದ 9, ಹತ್ತನೇದಕ್ಕೆ 0. ಆ್ಯಪ್ ಆಗ್ಲೇ ಓಪನ್ ಇದ್ರೆ ಅದೇ ಮುಂದಕ್ಕೆ ಬರುತ್ತೆ, ಇನ್ನೊಂದು ಹೊಸ ವಿಂಡೋ ಬೇಕು ಅಂದ್ರೆ ಕಂಟ್ರೋಲ್ ಕೀನೂ ಸೇರ್ಸಿ ಒತ್ತಿ. ಯಾವ್ದು ಎಷ್ಟನೇ ನಂಬರ್ ಅಂತ ಮರ್ತೋದ್ರೆ ಸೂಪರ್ ಜೊತೆ ಕ್ಯೂ ಒತ್ತಿ, ಐಕಾನ್ ಮೇಲೆ ಸ್ವಲ್ಪ ಹೊತ್ತು ನಂಬರ್ ಕಾಣುತ್ತೆ.

ಹಂಗಾಗಿ ಆ್ಯಪ್‌ನ ಡಾಕ್‌ಗೆ ಪಿನ್ ಮಾಡೋವಾಗ (ಅಂದ್ರೆ ಅಲ್ಲೇ ಕಾಯಂ ಇರೋ ಹಾಗೆ ಮಾಡೋವಾಗ) ಯೋಚ್ನೆ ಮಾಡಿ ಮಾಡಿ. ಓಪನ್ ಇರೋ ಆ್ಯಪ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪಿನ್ ಟು ಡ್ಯಾಶ್' ಕೊಟ್ರೆ ಕಾಯಂ ಆಗುತ್ತೆ (ಹಳೇ ವರ್ಶನ್‌ನಲ್ಲಿ 'ಆ್ಯಡ್ ಟು ಫೇವರಿಟ್ಸ್' ಅಂತಿರುತ್ತೆ), ಆಮೇಲೆ ಹಿಡಿದು ಎಳೆದು ಬೇಕಾದ ಜಾಗಕ್ಕೆ ಬಿಡಿ. ನಂದು 1 ಬ್ರೌಸರ್, 2 ಟರ್ಮಿನಲ್, 3 ಫೈಲ್ಸ್, ಯಾಕಂದ್ರೆ ಮೊದಲ ಮೂರು ಎಡಗೈಗೆ ಸುಲಭ. ಪಿನ್ ಮಾಡಿರೋವು ಯಾವಾಗ್ಲೂ ಮೇಲೆ ಇರುತ್ವೆ, ಬೇರೆ ಆ್ಯಪ್ ಓಪನ್ ಮಾಡಿದ್ರೆ ಅದು ಕೆಳಗೆ ಸೇರ್ಕೊಳ್ಳುತ್ತೆ, ಸೋ ನಿಮ್ಮ ನಂಬರ್ ಬದ್ಲಾಗಲ್ಲ. ಒಂದ್ಸಲ ಜೋಡ್ಸಿದ್ಮೇಲೆ ದಯವಿಟ್ಟು ಅದಲು ಬದಲು ಮಾಡ್ಬೇಡಿ, ಬೆರಳಿಗೆ ಅಭ್ಯಾಸ ಆಗಿರೋದನ್ನ ಬಿಡ್ಸೋದು ಬಹಳ ಕಷ್ಟ.

ಸೈಜು, ಜಾಗ ಎಲ್ಲ ಸೆಟ್ಟಿಂಗ್ಸ್‌ನಲ್ಲೇ ಇದೆ, ಉಬುಂಟು 22.04 ವರ್ಶನ್‌ನಲ್ಲಿ 'ಅಪಿಯರೆನ್ಸ್' ಒಳಗೆ, 24.04ರಲ್ಲಿ 'ಉಬುಂಟು ಡೆಸ್ಕ್‌ಟಾಪ್' ಒಳಗೆ. ಐಕಾನ್ ಸೈಜ್ ಮೊದ್ಲಿಗೆ 48 ಇರುತ್ತೆ, ಚಿಕ್ಕ ಸ್ಕ್ರೀನ್ ಆದ್ರೆ 32ಕ್ಕೆ ಇಳ್ಸಿ. ಪ್ಯಾನೆಲ್ ಮೋಡ್ ಆಫ್ ಮಾಡಿದ್ರೆ ಉದ್ದಕ್ಕೂ ಪಟ್ಟಿ ಇರಲ್ಲ, ಐಕಾನ್ ಇರೋಷ್ಟು ಮಾತ್ರ ಉಳಿಯುತ್ತೆ. ಡಾಕ್‌ನ ಕೆಳಗಡೆ ಇಟ್ರೆ ನೋಡೋಕೆ ಚೆಂದ ಅನ್ನೋರಿದ್ದಾರೆ, ಆದ್ರೆ ಈಗಿನ ಸ್ಕ್ರೀನ್‌ಗಳು ಅಗಲ ಜಾಸ್ತಿ ಎತ್ತರ ಕಮ್ಮಿ, ಎಡಗಡೆನೇ ವಾಸಿ.

ಎಲ್ರೂ ಕೇಳೋದು ಒಂದೇ, ಐಕಾನ್ ಮೇಲೆ ಕ್ಲಿಕ್ ಮಾಡಿದ್ರೆ ವಿಂಡೋ ಮಿನಿಮೈಸ್ ಆಗ್ಬೇಕು ಅಂತ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಬಟನ್ ಇಲ್ಲ. ಡಿಕಾನ್ಫ್ ಎಡಿಟರ್ (ಒಳಗಿನ ಸೆಟ್ಟಿಂಗ್‌ಗಳನ್ನ ಬದ್ಲಾಯಿಸೋ ಆ್ಯಪ್) ಇನ್‌ಸ್ಟಾಲ್ ಮಾಡಿ, ಆರ್ಗ್, ಗ್ನೋಮ್, ಶೆಲ್, ಎಕ್ಸ್‌ಟೆನ್ಶನ್ಸ್, ಡ್ಯಾಶ್-ಟು-ಡಾಕ್ ಹೀಗೆ ಒಂದೊಂದೇ ಫೋಲ್ಡರ್ ಒಳಗೆ ಹೋಗಿ 'ಕ್ಲಿಕ್-ಆ್ಯಕ್ಷನ್' ಹುಡುಕಿ, ಡೀಫಾಲ್ಟ್ ವ್ಯಾಲ್ಯೂ ಬಳಸೋದನ್ನ ಆಫ್ ಮಾಡಿ 'ಮಿನಿಮೈಸ್-ಆರ್-ಪ್ರಿವ್ಯೂಸ್' ಆರಿಸಿ. ಒಂದೇ ವಿಂಡೋ ಇದ್ರೆ ಮಿನಿಮೈಸ್ ಆಗುತ್ತೆ, ಜಾಸ್ತಿ ಇದ್ರೆ ಎಲ್ಲದರ ಪುಟ್ಟ ಚಿತ್ರ ತೋರ್ಸುತ್ತೆ. ಅಲ್ಲೇ ಬೇರೆ ಏನೇನೋ ಇರುತ್ತೆ, ಗೊತ್ತಿಲ್ದೇ ಕೈ ಹಾಕ್ಬೇಡಿ.

ಇನ್ನೊಂದು ತಲೆನೋವು, ಪಿನ್ ಮಾಡಿರೋ ಐಕಾನ್ ಒತ್ತಿದ್ರೆ ಡಾಕ್‌ನ ಕೊನೇಲಿ ಅದೇ ಆ್ಯಪ್‌ಗೆ ಇನ್ನೊಂದು ಐಕಾನ್ ಹುಟ್ಕೊಳ್ಳುತ್ತೆ. ಆ ವಿಂಡೋ ಯಾವ ಆ್ಯಪ್‌ದು ಅಂತ ಡಾಕ್‌ಗೆ ಗೊತ್ತಾಗದೇ ಹೀಗಾಗೋದು. ಆಲ್ಟ್ ಜೊತೆ ಎಫ್2 ಒತ್ತಿ ಎಲ್‌ಜಿ (lg) ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಕೊಡಿ, ವಿಂಡೋಸ್ ಅನ್ನೋ ಟ್ಯಾಬ್‌ನಲ್ಲಿ ಆ ವಿಂಡೋದ 'ಡಬ್ಲ್ಯೂಎಂ ಕ್ಲಾಸ್' (ವಿಂಡೋ ಯಾವ ಆ್ಯಪ್‌ದು ಅಂತ ಗುರುತಿಸೋ ಹೆಸರು) ಸಿಗುತ್ತೆ. ಆ ಆ್ಯಪ್‌ನ ಡೆಸ್ಕ್‌ಟಾಪ್ ಫೈಲ್ (ಆ್ಯಪ್‌ನ ಹೆಸರು, ಐಕಾನ್ ಎಲ್ಲ ಬರೆದಿರೋ .desktop ಫೈಲ್) ಓಪನ್ ಮಾಡಿ 'ಸ್ಟಾರ್ಟಪ್‌ಡಬ್ಲ್ಯೂಎಂಕ್ಲಾಸ್' ಅನ್ನೋ ಸಾಲಲ್ಲಿ ಅದೇ ಹೆಸರು ಹಾಕಿ, ಆ್ಯಪ್ ಕ್ಲೋಸ್ ಮಾಡಿ ಮತ್ತೆ ತೆಗೀರಿ. ದೊಡ್ಡಕ್ಷರ ಸಣ್ಣಕ್ಷರ ಕೂಡ ಅಲ್ಲಿ ಕಂಡ ಹಾಗೇ ಇರ್ಲಿ.