ಊರ ಪಕ್ಕ ಹೊಸ ಬಡಾವಣೆಯೇ? ನಕ್ಷೆಗೆ ಮೊಹರು ಬೀಳುವ ಮೊದಲೇ ಊರಿನ ಮಾತು ಸೇರಿಸುವುದು ಹೀಗೆ

ಪೇಟೆಯಂಚಿನ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟ ಮೇಲೆ ತಕರಾರು ತೆಗೆದರೆ ಉಪಯೋಗ ಕಡಿಮೆ. ಅಷ್ಟರಲ್ಲಿ ರಸ್ತೆ ಎಲ್ಲಿ, ಪಾರ್ಕ್ ಎಲ್ಲಿ, ಮಳೆನೀರು ಎತ್ತ ಹರಿಯಬೇಕು ಎಂಬುದೆಲ್ಲ ತೀರ್ಮಾನವಾಗಿ ಹೋಗಿರುತ್ತದೆ. ಹಾಗೆ ತೀರ್ಮಾನಿಸಿದವರಲ್ಲಿ ಆ ನೆಲದ ಮೇಲೆ ಮಳೆಗಾಲ ಕಳೆದವರು ಒಬ್ಬರೂ ಇರಲಿಕ್ಕಿಲ್ಲ. ನೆಲ ಬಲ್ಲವರ ತಿಳಿವಳಿಕೆ ಕರಡು ನಕ್ಷೆಯೊಳಗೆ ಹೋಗಬೇಕಾದರೆ ಅದು ಕಚೇರಿ ಒಪ್ಪುವ ರೂಪದಲ್ಲಿ, ಕಚೇರಿ ಕೇಳುವ ಹೊತ್ತಿಗೆ ಹೋಗಬೇಕು. ಅದನ್ನು ಊರಿನವರೇ ಮಾಡಬಹುದು. ಮಾಡುವ ಕ್ರಮ ಇಲ್ಲಿದೆ.

ಮೊದಲು ತಿಳಿಯಬೇಕಾದ್ದು: ಯಾರ ಬಡಾವಣೆ, ಯಾವ ಹಂತ?

ಬಡಾವಣೆಯನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡುತ್ತಿದೆಯೇ, ಜಿಲ್ಲೆಯ ನಗರಾಭಿವೃದ್ಧಿ ಪ್ರಾಧಿಕಾರವೇ, ಖಾಸಗಿಯವರೇ ಎಂಬುದರ ಮೇಲೆ ನಿಮ್ಮ ದಾರಿ ನಿಂತಿದೆ.

ಎಲ್ಲಕ್ಕೂ ಮೂಲ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. ಹೊಲ ಹಳದಿ ಬಣ್ಣದ ವಸತಿ ವಲಯವಾಗುವುದು ಅಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಪ್ರಕಾರ ಅದರ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನಗಳ ಕಾಲಾವಕಾಶವಿದೆ. ಜಮೀನು ಇಲ್ಲದವರೂ ಆಕ್ಷೇಪ, ಸಲಹೆ ಕೊಡಬಹುದಾದ ಹಂತ ಇದು. ಬೆಂಗಳೂರಿನ 2031ರ ಕರಡು ಯೋಜನೆ 2017ರ ನವೆಂಬರ್‌ನಲ್ಲಿ ಹೊರಬಂದಾಗ ಸಾವಿರಾರು ಆಕ್ಷೇಪಗಳು ಬಂದವು. ಆ ಕರಡನ್ನು 2020ರಲ್ಲಿ ಹಿಂಪಡೆಯಲಾಯಿತು.

ಪ್ರಾಧಿಕಾರ ಜಮೀನು ಸ್ವಾಧೀನ ಮಾಡಿಕೊಂಡು ಬಡಾವಣೆ ಮಾಡುವಾಗ ಪ್ರಾಥಮಿಕ ಅಧಿಸೂಚನೆಯ ನಂತರ ಜಮೀನಿನ ಮಾಲೀಕರಿಗೆ ನೋಟಿಸ್ ಬರುತ್ತದೆ. ಅದು ಕೈಸೇರಿದ ಮೇಲೆ ಉತ್ತರ ಕೊಡಲು 30 ದಿನ. ವಲಯ ಬದಲಾವಣೆಗೆ ಅರ್ಜಿ ಬಿದ್ದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪ ಕೇಳಬೇಕು. ಆ ಪ್ರಕಟಣೆಗಳು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ. ಊರಿನಲ್ಲಿ ಒಬ್ಬರಾದರೂ ದಿನವೂ ಅವನ್ನು ನೋಡುವ ಜವಾಬ್ದಾರಿ ಹೊರಲಿ.

ಖಾಸಗಿ ಲೇಔಟ್ ಆದರೆ ನಿಮ್ಮನ್ನು ಕರೆದು ಕೇಳುವವರು ಯಾರೂ ಇಲ್ಲ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಯೋಜನಾ ಪ್ರಾಧಿಕಾರಕ್ಕೆ ಕಳಿಸುವುದೇ ದಾರಿ. ಲೇಔಟ್ ನಕ್ಷೆಗೆ ಅನುಮೋದನೆ ಸಿಗುವ ಮೊದಲು ಈ ಕೆಲಸ ಆಗಬೇಕು.

ಕಾಗದ ಕೂಡಿಸಿ

ಗ್ರಾಮನಕ್ಷೆ, ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ದಾಖಲೆ). ಈ ಮೂರು ಸಾಕು. ಗ್ರಾಮನಕ್ಷೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ.

ಪಹಣಿಯಲ್ಲಿ ಖರಾಬಿನ, ಅಂದರೆ ಸಾಗುವಳಿಗೆ ಬಾರದ ಜಾಗದ, ಕಲಮನ್ನು ಗಮನವಿಟ್ಟು ಓದಿ. 'ಬಿ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದು ಪಕ್ಕದ ಹೊಲದ ಮಾಲೀಕರದ್ದೂ ಅಲ್ಲ, ಲೇಔಟ್ ಮಾಡುವವರದ್ದೂ ಅಲ್ಲ. ಹೊಸ ಬಡಾವಣೆಗಳಲ್ಲಿ ಮೊದಲು ಕಾಣೆಯಾಗುವುದು ಈ ಗುಂಟೆಗಳೇ. ಎಷ್ಟು ಗುಂಟೆ, ಯಾವ ಸರ್ವೆ ನಂಬರ್, ಯಾವ ಬಗೆ ಎಂದು ಒಂದು ಪಟ್ಟಿ ಮಾಡಿಟ್ಟುಕೊಳ್ಳಿ.

ಜಮೀನಿನ ಮೇಲೆ ನಡೆಯಿರಿ

ಇಡೀ ಕೆಲಸದ ಜೀವ ಇದರಲ್ಲಿದೆ. ಅವಸರ ಮಾಡಬೇಡಿ.

ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೊರಡಿ. ನೀರು ಎಲ್ಲಿ ನಿಂತಿದೆ, ಯಾವ ಬದುವನ್ನು ಒಡೆದುಕೊಂಡು ಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಊರಿನಲ್ಲಿ ನೀರುಗಂಟಿ ಮನೆತನದವರಿದ್ದರೆ ಅವರನ್ನು ಮುಂದೆ ಬಿಟ್ಟು ನಡೆಯಿರಿ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚಿದವರಿಗೆ ನೆಲದ ಇಳಿಜಾರು ಅಂಗೈಯ ಗೆರೆಯಷ್ಟು ಪರಿಚಯ. ಕೋಡಿ ಬಿದ್ದ ವರ್ಷ ನೀರು ಯಾವ ಹೊಲದ ಮೇಲೆ ಹಾಯ್ದು ಕೆಳಗಿನ ಕೆರೆ ಸೇರಿತು ಎಂದು ಅವರು ತೋರಿಸುತ್ತಾರೆ. ನಮ್ಮ ಬಯಲುಸೀಮೆಯ ಕೆರೆಗಳು ಒಂದರ ಕೆಳಗೊಂದು ಸರಣಿಯಾಗಿವೆ. ನಡುವಿನ ಕಾಲುವೆ ವರ್ಷದ ಬಹುಪಾಲು ಒಣಗಿರುವುದರಿಂದ ಸರ್ವೆಗೆ ಬಂದವರಿಗೆ ಅದು ಬರೀ ತಗ್ಗಾಗಿ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಸಾಗಿಸಬೇಕಾಯಿತು. ಕೆರೆಗಳು ತುಂಬಿ ಹರಿದ ನೀರಿಗೆ ಸಾಕಷ್ಟು ರಾಜಕಾಲುವೆ ಉಳಿದಿರಲಿಲ್ಲ.

ನೀರಿನ ನಂತರ ದಾರಿ. ಎತ್ತಿನ ಗಾಡಿ ಓಡಾಡುತ್ತಿದ್ದ ನಕಾಶೆ ದಾರಿ (ಗ್ರಾಮನಕ್ಷೆಯಲ್ಲಿ ಗುರುತಾದ ದಾರಿ), ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ, ಹಾಲಿನ ಡೇರಿಗೆ ಹೋಗುವ ಅಡ್ಡದಾರಿ, ಜಾತ್ರೆಯಲ್ಲಿ ತೇರು ಸಾಗುವ ಬೀದಿ, ಕುರಿ ಇಳಿಯುವ ಜಾಡು. ಸ್ಮಶಾನದ ದಾರಿಯನ್ನು ಬೇರೆಯಾಗಿ ವಿಚಾರಿಸಿ. ಎಷ್ಟೋ ಊರುಗಳಲ್ಲಿ ದಲಿತ ಕೇರಿಯ ಸ್ಮಶಾನಕ್ಕೆ ಹೋಗುವ ದಾರಿ ಯಾರದೋ ಹೊಲದ ಬದುವಿನ ಮೇಲಿದೆ, ಯಾವ ಕಾಗದದಲ್ಲೂ ಇಲ್ಲ. ಆ ಹೊಲ ಸೈಟುಗಳಾಗಿ ಬೇಲಿ ಬಿದ್ದ ದಿನ ಸಾವು ಬಂದ ಮನೆಯವರು ಎಲ್ಲಿ ಹೋಗಬೇಕು? ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಬಾವಿ, ನಾಗರಕಟ್ಟೆ, ಗುಂಡುತೋಪು, ದೊಡ್ಡ ಹುಣಸೆ, ಅರಳಿ, ಆಲದ ಮರ, ಎಲ್ಲದರ ಫೋಟೊ ತೆಗೆಯಿರಿ. ಫೋಟೊದ ಮೇಲೆ ದಿನಾಂಕ, ಜಾಗದ ಗುರುತು ಬರುವಂತೆ ಇರಲಿ. ಪ್ರತಿ ಫೋಟೊದ ಎದುರು ಸರ್ವೆ ನಂಬರ್ ಬರೆದುಕೊಳ್ಳಿ.

ಸಭೆ: ದೊಡ್ಡದೊಂದು ಬೇಡ, ಸಣ್ಣವು ನಾಲ್ಕಾರು ಇರಲಿ

ಶಾಮಿಯಾನ ಹಾಕಿ, ವೇದಿಕೆ ಕಟ್ಟಿ ಸಭೆ ಕರೆದರೆ ಮಾತಾಡುವವರು ಯಾವಾಗಲೂ ಮಾತಾಡುವವರೇ. ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾರೆ. ಕೂಲಿಯವರು, ಗೇಣಿಗೆ ಮಾಡುವವರು, ಬಾಡಿಗೆ ಮನೆಯವರು ಬರುವುದೇ ಇಲ್ಲ. ಆದ್ದರಿಂದ ಸಭೆಯೇ ಜನರಿದ್ದಲ್ಲಿಗೆ ಹೋಗಲಿ. ಸ್ವಸಹಾಯ ಸಂಘದ ವಾರದ ಸಭೆ, ಡೇರಿಯಲ್ಲಿ ಬೆಳಗಿನ ಸಾಲು, ಕೇರಿಯ ಸಮುದಾಯ ಭವನ, ಪಕ್ಕದಲ್ಲಿ ಈಗಾಗಲೇ ಇರುವ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ. ಈ ಕೊನೆಯವರನ್ನು ಬಿಡಬೇಡಿ. ಹೊಸ ಬಡಾವಣೆಯ ಒಳಚರಂಡಿ, ವಾಹನ, ಮಳೆನೀರು ಎಲ್ಲ ಅವರ ರಸ್ತೆಯ ಮೂಲಕವೇ ಹೋಗಬೇಕಾಗಬಹುದು.

ಪವರ್‌ಪಾಯಿಂಟ್ ಬದಲು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಕ್ಷೆ ಬರೆಸಿ. ಗ್ರಾಮಾಭಿವೃದ್ಧಿಯ ಕೆಲಸ ಮಾಡುವ ಮೈರಾಡ ಸಂಸ್ಥೆ ದಶಕಗಳ ಹಿಂದೆಯೇ ನಮ್ಮ ಹಳ್ಳಿಗಳಲ್ಲಿ ಜನರಿಂದಲೇ ಹೀಗೆ ನಕ್ಷೆ ಬರೆಸುತ್ತಿತ್ತು. ಓದು ಬಾರದ ಅಜ್ಜಿಯೂ ಬಗ್ಗಿ, 'ಇಲ್ಲಲ್ಲಪ್ಪ, ಹಳ್ಳ ಈ ಕಡೆಗೆ ತಿರುಗುತ್ತೆ' ಎಂದು ಕೈಯಿಂದ ಒರೆಸಿ ಸರಿಮಾಡುವುದು ಈ ನಕ್ಷೆಯಲ್ಲಿ ಮಾತ್ರ ಸಾಧ್ಯ. ಮುಗಿದ ಮೇಲೆ ಮೇಲಿನಿಂದ ಫೋಟೊ ತೆಗೆದು, ಗ್ರಾಮನಕ್ಷೆಯ ದೊಡ್ಡ ಪ್ರತಿಯ ಮೇಲೆ ಬಣ್ಣದ ಪೆನ್ನಿನಲ್ಲಿ ಇಳಿಸಿಕೊಳ್ಳಿ.

ಏನು ಕೇಳಬೇಕು ಎಂಬುದರಲ್ಲೂ ಎಚ್ಚರ ಬೇಕು. 'ನಿಮಗೆ ಏನು ಬೇಕು' ಎಂದರೆ ದೇವಸ್ಥಾನ, ಸಮುದಾಯ ಭವನ ಎಂದು ಉತ್ತರ ಬರುತ್ತದೆ. 'ಸಂಜೆ ಏಳರ ಮೇಲೆ ಬಸ್ಸಿಳಿದು ಮನೆಗೆ ಹೇಗೆ ಬರುತ್ತೀರಿ', 'ಹುಡುಗರು ಎಲ್ಲಿ ಆಡುತ್ತಾರೆ', 'ರಾಸುಗಳಿಗೆ ಮೇವು ಎಲ್ಲಿಂದ' ಎಂದು ಕೇಳಿದರೆ ನಕ್ಷೆಗೆ ಬೇಕಾದ ಉತ್ತರ ಸಿಗುತ್ತದೆ.

ಜನರನ್ನು ಕೊನೆಯವರೆಗೂ ಕೂರಿಸಿಕೊಂಡ ಊರು

ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ವೌಬಾನ್ ಎಂಬ ಬಡಾವಣೆಯಿದೆ. ಅಲ್ಲಿದ್ದ ಫ್ರೆಂಚ್ ಸೈನ್ಯ 1992ರಲ್ಲಿ ಜಾಗ ಬಿಟ್ಟು ಹೋಯಿತು. ಸುಮಾರು 100 ಎಕರೆ. ನಗರಾಡಳಿತ ಆ ಜಾಗ ಕೊಂಡಿತು. ನಾಗರಿಕರು 'ಫೋರಮ್ ವೌಬಾನ್' ಎಂಬ ಸಂಘ ಕಟ್ಟಿದರು. 1995ರಲ್ಲಿ ಆಡಳಿತ ಅದನ್ನೇ ಜನರ ಪಾಲ್ಗೊಳ್ಳುವಿಕೆಯ ಅಧಿಕೃತ ಸಂಸ್ಥೆಯೆಂದು ಒಪ್ಪಿಕೊಂಡಿತು. ನಕ್ಷೆಯನ್ನು ಒಂದೇ ಸಲ ಮುಗಿಸದೆ, ಹಂತಹಂತವಾಗಿ ಕಲಿಯುತ್ತ ತಿದ್ದುವುದು ಎಂದು ತೀರ್ಮಾನವಾಯಿತು.

ಜನರ ಮಾತಿನಿಂದ ಅಲ್ಲಿ ಬದಲಾದದ್ದು ಸಣ್ಣಪುಟ್ಟದ್ದಲ್ಲ. ಬಹುಪಾಲು ಮನೆಬೀದಿಗಳಲ್ಲಿ ಕಾರು ನಿಲ್ಲಿಸುವ ಜಾಗವೇ ಇಲ್ಲ. ಕಾರುಗಳು ಬಡಾವಣೆಯಂಚಿನ ಬಹುಮಹಡಿ ಕಟ್ಟಡಗಳಲ್ಲಿ ನಿಲ್ಲುತ್ತವೆ, ಬೀದಿಯಲ್ಲಿ ಮಕ್ಕಳು ಆಡುತ್ತಾರೆ. ಹಳೆಯ ಮರಗಳು ಉಳಿದವು. ಮನೆಸಾಲುಗಳ ನಡುವಿನ ಹಸಿರು ಪಟ್ಟಿಗಳನ್ನು ಅಕ್ಕಪಕ್ಕದವರೇ ಕೂತು ರೂಪಿಸಿದರು. ಸೈನ್ಯದ ಹಳೆಯ ಕಟ್ಟಡವೊಂದನ್ನು ಹೋರಾಡಿ ಉಳಿಸಿಕೊಂಡು ಸಮುದಾಯ ಕೇಂದ್ರ ಮಾಡಿಕೊಂಡರು. ಜಾಗವನ್ನು ಒಬ್ಬನೇ ಬಿಲ್ಡರ್‌ಗೆ ಕೊಡದೆ, ಮನೆ ಬೇಕಾದವರೇ ಗುಂಪು ಕಟ್ಟಿ ಕಟ್ಟಿಸಿಕೊಳ್ಳಲು ಸಣ್ಣ ಸಣ್ಣ ಭಾಗಗಳಲ್ಲಿ ಮಾರಿದ್ದರಿಂದ, ವಾಸಕ್ಕೆ ಬರುವವರು ನಕ್ಷೆಯ ಹಂತದಲ್ಲೇ ನೆರೆಹೊರೆಯಾದರು. ಈಗ ಅಲ್ಲಿ 5,000ಕ್ಕೂ ಹೆಚ್ಚು ಜನ ಇದ್ದಾರೆ.

ಅದು ಜರ್ಮನಿ, ನಮ್ಮಲ್ಲಿ ಆಗದು ಎನ್ನುವವರಿದ್ದಾರೆ. ಅಲ್ಲಿ ಅದು ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ ಜಮೀನು ನಗರಾಡಳಿತದ ಕೈಯಲ್ಲಿದ್ದದ್ದು. ನಮ್ಮ ಪ್ರಾಧಿಕಾರಗಳೂ ಜಮೀನು ಸ್ವಾಧೀನ ಮಾಡಿಕೊಂಡೇ ಬಡಾವಣೆ ಮಾಡುತ್ತವೆ. ಹಾಗಾಗಿ ಆ ಮಾತನ್ನು ನಾನು ಒಪ್ಪುವುದಿಲ್ಲ. ಪುಣೆಯ ಮಗರ್‌ಪಟ್ಟಾದಲ್ಲಂತೂ ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಯಷ್ಟು ಜಮೀನನ್ನು ಒಟ್ಟುಗೂಡಿಸಿ, ಜಮೀನಿಗೆ ತಕ್ಕ ಪಾಲು ಇಟ್ಟುಕೊಂಡು ತಾವೇ ಬಡಾವಣೆ ಕಟ್ಟಿದವು.

ಗುಂಟೆ ಲೆಕ್ಕ

ಸಭೆಗೆ ಹೋಗುವ ಮುನ್ನ ಈ ಲೆಕ್ಕ ಬಾಯಲ್ಲಿರಲಿ. 1976ರ ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ವಿಸ್ತೀರ್ಣದಲ್ಲಿ ಪಾರ್ಕು, ಆಟದ ಮೈದಾನಕ್ಕೆ ಕನಿಷ್ಠ ಶೇ 15, ನಾಗರಿಕ ಸೌಲಭ್ಯಕ್ಕೆ (ಸಿಎ ಸೈಟು) ಅದರ ಮೇಲೆ ಕನಿಷ್ಠ ಶೇ 10 ಬಿಡಬೇಕು. ಮಾರುವ ಸೈಟುಗಳಿಗೆ ಶೇ 55 ಎಂದುಕೊಂಡರೆ, ಒಂದು ಎಕರೆಯ 40 ಗುಂಟೆಯಲ್ಲಿ ಸೈಟಿಗೆ 22, ಪಾರ್ಕಿಗೆ 6, ಸಿಎಗೆ 4, ರಸ್ತೆಗೆ 8. ಸೈಟಿನ ಭಾಗ 23,958 ಚದರಡಿ, ಅಂದರೆ 30×40ರ ಸುಮಾರು 20 ಸೈಟು. ಬಿಡಿಎಯ 60:40 ಲೆಕ್ಕದಲ್ಲಿ (ಬಿಡಿಎಗೆ 60, ರೈತರಿಗೆ 40) ಎಕರೆ ಬಿಟ್ಟುಕೊಟ್ಟ ರೈತರಿಗೆ ಸೈಟಿನ ಆ ಭಾಗದ ಶೇ 40, ಅಂದರೆ 9,583 ಚದರಡಿ. ಮೈಸೂರಿನಂಥ ಊರುಗಳಲ್ಲಿ 50:50 ನಡೆದಿದೆ. ಖಾಸಗಿ ಲೇಔಟ್‌ಗಳಿಗೆ ಆಯಾ ಊರಿನ ವಲಯ ನಿಯಮಾವಳಿಯಲ್ಲಿ ಪಾರ್ಕು, ಸಿಎ ಪ್ರಮಾಣ ಬೇರೆ ಇರಬಹುದು. ಪ್ರಾಧಿಕಾರದಲ್ಲಿ ಕೇಳಿ ಬರೆದುಕೊಳ್ಳಿ.

ಪ್ರಮಾಣ ಸರಿಯಿದ್ದ ಮಾತ್ರಕ್ಕೆ ಸುಮ್ಮನಾಗಬೇಡಿ. ಪಾರ್ಕಿನ ಪಾಲು ಮೂಲೆಯ ತ್ರಿಕೋನಗಳಲ್ಲಿ, ಹೈಟೆನ್ಷನ್ ತಂತಿಯ ಕೆಳಗೆ, ರಾಜಕಾಲುವೆಯ ಅಂಚಿನಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಕಾಲುವೆಯಂಚು ಹಸಿರಾಗಿರುವುದು ಒಳ್ಳೆಯದೇ, ಆದರೆ ಅಲ್ಲಿ ಹೇಗೂ ಮನೆ ಕಟ್ಟುವಂತಿಲ್ಲ. ಅದರ ಜೊತೆಗೆ, ಹುಡುಗರು ಕ್ರಿಕೆಟ್ ಆಡಬಹುದಾದ ಒಂದು ಸಮತಟ್ಟು ಮೈದಾನ ಒಂದೇ ತುಂಡಾಗಿ ಬೇಕು ಎಂದು ಕೇಳಿ. ಸಿಎ ಸೈಟುಗಳಲ್ಲಿ ಅಂಗನವಾಡಿ, ಆರೋಗ್ಯ ಕೇಂದ್ರ, ಬಸ್ ನಿಲ್ದಾಣಕ್ಕೆ ಯಾವುದು ಎಂದು ನಕ್ಷೆಯಲ್ಲೇ ಗುರುತಾಗಲಿ.

ಆಕ್ಷೇಪ ಬರೆಯುವ ರೀತಿ

'ನಮ್ಮ ಊರಿಗೆ ಅನ್ಯಾಯವಾಗಿದೆ' ಎಂದು ನೂರು ಸಹಿ ಹಾಕಿ ಕೊಟ್ಟ ಮನವಿಗೆ ಕಡತದಲ್ಲಿ ಒಂದೇ ನಂಬರ್, ಒಂದೇ ಸಾಲಿನ ಉತ್ತರ. ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ ಬರೆಯಿರಿ. ಹಾಳೆಯಲ್ಲಿ ಮೂರೇ ಮಾತು: ನೆಲದ ಮೇಲೆ ಏನಿದೆ, ನಕ್ಷೆ ಏನು ಹೇಳುತ್ತದೆ, ಏನು ಬದಲಾಗಬೇಕು. ಹೀಗೆ:

'ಸರ್ವೆ ನಂ. …ರ ಉತ್ತರದ ಗಡಿಯಲ್ಲಿ ಗ್ರಾಮನಕ್ಷೆಯಲ್ಲಿ ತೋರಿಸಿದ ಹಳ್ಳವಿದೆ. ಕರಡು ನಕ್ಷೆಯಲ್ಲಿ ಅದರ ಮೇಲೆ ರಸ್ತೆ ಬಂದಿದೆ. ಹಳ್ಳವನ್ನು ಈಗಿನ ಅಗಲದಲ್ಲೇ ಉಳಿಸಿ, ರಸ್ತೆಯನ್ನು ದಕ್ಷಿಣಕ್ಕೆ ಸರಿಸಬೇಕು. ಲಗತ್ತು: ಗ್ರಾಮನಕ್ಷೆಯ ಪ್ರತಿ, ಮಳೆಯ ಮರುದಿನದ ಎರಡು ಫೋಟೊ.'

ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ವಿಚಾರಣೆಗೆ ಕರೆದರೆ ಬಣ್ಣದ ಗೆರೆ ಎಳೆದ ಆ ದೊಡ್ಡ ನಕ್ಷೆಯನ್ನೂ, ಹಳ್ಳ ತೋರಿಸಿದ ಹಿರಿಯರನ್ನೂ ಕರೆದುಕೊಂಡು ಹೋಗಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಹಾಕಿ: ಈ ನಂಬರಿನ ಆಕ್ಷೇಪದ ಮೇಲೆ ಕೈಗೊಂಡ ತೀರ್ಮಾನದ ಪ್ರತಿ ಕೊಡಿ. 30 ದಿನದಲ್ಲಿ ಉತ್ತರಿಸಬೇಕು.

ಈ ಹಂತದಲ್ಲಿ ಮಾತು ತೀರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಡಾ. ಶಿವರಾಮ ಕಾರಂತ ಬಡಾವಣೆ ಇದೆ. ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರಲ್ಲಿ, ಅಂತಿಮ ಅಧಿಸೂಚನೆ 2018ರಲ್ಲಿ, ಅದೂ ಸುಪ್ರೀಂ ಕೋರ್ಟ್ ಆದೇಶದ ಮೇಲೆ. ನಡುವೆ ಜನ ಅಲ್ಲೇ ಮನೆ ಕಟ್ಟಿಕೊಂಡಿದ್ದರು. ಯಾವ ಮನೆ ಉಳಿಯಬೇಕು ಎಂದು ಪರಿಶೀಲಿಸಲು ಕೋರ್ಟ್ ನಿವೃತ್ತ ನ್ಯಾಯಮೂರ್ತಿಯ ಸಮಿತಿಯನ್ನೇ ನೇಮಿಸಬೇಕಾಯಿತು.

ಅನುಮೋದನೆ ಸಿಕ್ಕ ಮೇಲೆ

ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ತೆಗೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ನೀವು ಕೊಟ್ಟ ಒಂದೊಂದು ಹಾಳೆಯನ್ನೂ ಅದರೊಂದಿಗೆ ತಾಳೆ ನೋಡಿ. ಖಾಸಗಿ ಲೇಔಟ್ ಆದರೆ ರಸ್ತೆ, ಪಾರ್ಕು, ಸಿಎ ಜಾಗ ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಹಸ್ತಾಂತರವಾಗಿದೆಯೇ ಎಂದು ಕೇಳಿ. 500 ಚದರ ಮೀಟರ್‌ಗಿಂತ ದೊಡ್ಡ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಬೇಕು. ನಕ್ಷೆ ಅಲ್ಲಿ ಯಾರು ಬೇಕಾದರೂ ನೋಡಬಹುದು. ಸೈಟು ಕೊಂಡವರೂ ತಿಳಿದಿರಲಿ: ಮಂಜೂರಾದ ಬಡಾವಣೆ ನಕ್ಷೆಯನ್ನು ಬದಲಾಯಿಸಲು ಕೊಂಡವರಲ್ಲಿ ಮೂರನೇ ಎರಡರಷ್ಟು ಮಂದಿಯ ಲಿಖಿತ ಒಪ್ಪಿಗೆ ಬೇಕು. ಊರಿನವರೂ ಹೊಸದಾಗಿ ಸೈಟು ಕೊಂಡವರೂ ಇಲ್ಲಿಂದ ಮುಂದೆ ಒಂದೇ ಸಂಘದಲ್ಲಿ ಕೂರುವುದು ಒಳ್ಳೆಯದು. ಪಾರ್ಕಿನ ಜಾಗಕ್ಕೆ ಬೇಲಿ ಬಿದ್ದರೆ ಹಳೆಯ ಕಾಗದ ಇರುವುದು ಊರಿನವರ ಹತ್ತಿರ, ರೇರಾಗೆ ದೂರು ಕೊಡುವ ಹಕ್ಕಿರುವುದು ಸೈಟು ಕೊಂಡವರಿಗೆ.

ಜೆಸಿಬಿ ಬಂದ ದಿನ ಹಳ್ಳದ ಎರಡೂ ದಡದಲ್ಲಿ ಸರ್ವೆಯವರಿಂದ ಗಡಿಕಲ್ಲು ಹಾಕಿಸಿ, ಆಮೇಲೆ ಮಣ್ಣು ತೆಗೆಯಲು ಬಿಡಿ.