‘ಟೀಚರಮ್ಮ, ಎಷ್ಟಾಗುತ್ತೆ?’: ಫೀಸಿಲ್ಲದೆ ವಕೀಲರನ್ನು ಪಡೆಯುವ ದಾರಿ

ನನ್ನ ಮೇಜಿನ ಮುಂದೆ ಬಂದು ಕೂತವರು ಮೊದಲು ಕೇಳುವುದೇ ಇದನ್ನು. ಏನೂ ಆಗಲ್ಲ, ಒಂದು ರೂಪಾಯಿಯೂ ಬೇಡ ಅಂದರೆ ಖುಷಿಪಡುವುದಿಲ್ಲ. ಮುಖ ಸಪ್ಪಗಾಗುತ್ತದೆ. ಬಿಟ್ಟಿ ವಕೀಲರಿಂದ ಕೆಲಸ ಆಗಲ್ಲ ಅನ್ನುವುದು ಅವರ ಲೆಕ್ಕ.

ನಾನು ವಕೀಲೆ ಅಲ್ಲ. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಈಗ ನಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ಒಂದಷ್ಟು ದಿನ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಕೋರ್ಟ್ ಆವರಣದ ಒಂದು ಕೋಣೆಯಲ್ಲಿ ಕೂರಿಸಿದ್ದಾರೆ. ಅರ್ಜಿ ಬರೆದುಕೊಡುವುದು, ಯಾರನ್ನು ನೋಡಬೇಕು ಅಂತ ದಾರಿ ತೋರಿಸುವುದು, ಇಷ್ಟೇ ನನ್ನ ಕೆಲಸ. ನಾನು ಮೇಜಿನ ಮೇಲೆ ಕಂಡದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ನಿಮಗೆ ಇದು ಸಿಗುತ್ತದಾ ನೋಡಿಕೊಳ್ಳಿ. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಯಿತು. ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಅದರ 12ನೇ ಕಲಮಿನಲ್ಲಿ ಯಾರು ಯಾರಿಗೆ ಅಂತ ಬರೆದಿದೆ. ಹೆಂಗಸರು ಮತ್ತು ಮಕ್ಕಳು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು. ಅಂಗವಿಕಲರು. ಕಾರ್ಖಾನೆ ಕೆಲಸಗಾರರು. ಪೊಲೀಸ್ ವಶದಲ್ಲೋ ಜೈಲಿನಲ್ಲೋ ಇರುವವರು. ಜೀತಕ್ಕೆ, ಮಾನವ ಸಾಗಾಟಕ್ಕೆ ಸಿಕ್ಕಿದವರು. ನೆರೆ, ಬರ, ಜಾತಿ ದೌರ್ಜನ್ಯಕ್ಕೆ ಗುರಿಯಾದವರು. ಇವರು ಯಾರೂ ಆದಾಯ ತೋರಿಸಬೇಕಿಲ್ಲ. ಎಷ್ಟೋ ಹೆಂಗಸರು ‘ನಮ್ಮೆಜಮಾನರಿಗೆ ನೌಕರಿ ಇದೆ, ನನಗೆಲ್ಲಿ ಕೊಡ್ತಾರೆ’ ಅಂತ ಬರುವುದೇ ಇಲ್ಲ. ಗಂಡನಿಗೆ ನೌಕರಿ ಇದ್ದರೂ, ನಿಮಗೇ ನೌಕರಿ ಇದ್ದರೂ ಸಿಗುತ್ತದೆ. ಉಳಿದವರಿಗೆ ಮಾತ್ರ ಆದಾಯದ ಮಿತಿ. ಅದನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಕಚೇರಿಯಲ್ಲೇ ಕೇಳಿಬಿಡಿ. ಆದಾಯ ಪತ್ರ ಕೈಯಲ್ಲಿ ಇಲ್ಲ ಅಂತ ವಾಪಸು ಹೋಗಬೇಡಿ. ನನ್ನ ಆದಾಯ ಇಷ್ಟು ಅಂತ ಒಂದು ಅಫಿಡವಿಟ್ ಕೊಟ್ಟರೂ ಒಪ್ಪಬಹುದು ಅಂತ ಅದೇ ಕಾಯ್ದೆಯ 13ನೇ ಕಲಮು ಹೇಳುತ್ತದೆ.

ಕಚೇರಿ ಹುಡುಕುವುದು ಕಷ್ಟವಿಲ್ಲ. ತಾಲ್ಲೂಕಿನಲ್ಲಿ ಸಮಿತಿ, ಜಿಲ್ಲೆಯಲ್ಲಿ ಪ್ರಾಧಿಕಾರ, ಎರಡೂ ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ ಇರುತ್ತವೆ. ತಾಲ್ಲೂಕಿನಲ್ಲಿ ಅಧ್ಯಕ್ಷರು ಅಲ್ಲಿನ ಹಿರಿಯ ನ್ಯಾಯಾಧೀಶರು, ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರು. ರಾಜ್ಯದ ಕಚೇರಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಅಷ್ಟು ದೂರ ಹೋಗುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ತಾಲ್ಲೂಕಿನ ಕಚೇರಿಗೆ ಬರುವುದಾದರೆ ಬೆಳಿಗ್ಗೆ ಹತ್ತೂವರೆಗೇ ಬನ್ನಿ. ಅಧ್ಯಕ್ಷರಾದ ನ್ಯಾಯಾಧೀಶರು ಬೆಂಚಿಗೆ ಹೋದ ಮೇಲೆ ಸಹಿಗೆ ಕಾಯಬೇಕಾಗುತ್ತದೆ.

ಇನ್ನು ಕಾಗದಗಳು. ಇಲ್ಲೇ ಅರ್ಧ ದಿನ ಹೋಗುವುದು. ಬ್ಯಾಗ್ ತಲೆಕೆಳಗು ಮಾಡಿದರೆ ಪಹಣಿ, ರೇಷನ್ ಕಾರ್ಡು, ಮಗಳ ಮದುವೆ ಕರೆಯೋಲೆ, ಸೊಸೈಟಿ ಸಾಲದ ರಸೀದಿ ಎಲ್ಲ ಒಟ್ಟಿಗೆ ಬೀಳುತ್ತವೆ. ದಯವಿಟ್ಟು ಮನೆಯಲ್ಲೇ ತಾರೀಕಿನ ಪ್ರಕಾರ ಜೋಡಿಸಿ. ಹಳೆಯದು ಕೆಳಗೆ, ಹೊಸದು ಮೇಲೆ. ಜಮೀನಿನ ತಕರಾರಾದರೆ ಪಹಣಿ, ಮ್ಯುಟೇಷನ್ ನಕಲು, ವಂಶವೃಕ್ಷ. ಜೀವನಾಂಶವಾದರೆ ಮದುವೆಯ ಫೋಟೊ ಅಥವಾ ಆಮಂತ್ರಣ ಪತ್ರಿಕೆ, ಮಕ್ಕಳ ಜನ್ಮ ಪತ್ರ, ಗಂಡನ ಸಂಬಳದ ಬಗ್ಗೆ ಏನಾದರೂ ಸಿಕ್ಕಿದರೆ ಅದು. ಕೋರ್ಟಿನಿಂದ ಸಮನ್ಸ್ ಬಂದಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಇಡಿ, ಯಾಕಂದರೆ ಅದರಲ್ಲಿರುವ ತಾರೀಕು ನಿಮಗಾಗಿ ಕಾಯುವುದಿಲ್ಲ. ಕೋರ್ಟಿನ ಅಮೀನರು ಸಮನ್ಸನ್ನು ಮನೆಗೆ ತಂದಾಗ ‘ತಗೊಳ್ಳಲ್ಲ’ ಅಂತ ವಾಪಸು ಕಳಿಸಿದ್ದೇವೆ, ಇನ್ನೇನು ಭಯವಿಲ್ಲ ಅನ್ನುವವರೂ ಬರುತ್ತಾರೆ. ಬೇಡ ಅಂದರೆ ಕೇಸು ನಿಲ್ಲುವುದಿಲ್ಲ, ನೀವಿಲ್ಲದೆ ನಡೆಯುತ್ತದೆ ಅಷ್ಟೇ. ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಸಾಕು.

ಅರ್ಜಿ ಬರೆಯಲು ಭಯಪಡಬೇಡಿ. ಮೊದಮೊದಲು ನಾನೂ ಶಾಲೆಯ ಪ್ರಬಂಧದ ಹಾಗೆ ಎರಡು ಪುಟ ಬರೆಯುತ್ತಿದ್ದೆ. ಅದನ್ನು ಯಾರೂ ಪೂರ್ತಿ ಓದುತ್ತಿರಲಿಲ್ಲ. ಈಗ ಹೀಗೆ ಬರೆಯುತ್ತೇನೆ:

‘ಅಧ್ಯಕ್ಷರು, ತಾಲ್ಲೂಕು ಕಾನೂನು ಸೇವಾ ಸಮಿತಿ, ಇವರಿಗೆ. ನಾನು ಇಂಥ ಊರಿನ ಇಂಥವಳು. ನಮ್ಮ ತಂದೆಯ ಹೆಸರಿನಲ್ಲಿದ್ದ 2 ಎಕರೆ 10 ಗುಂಟೆ ಪಿತ್ರಾರ್ಜಿತ ಜಮೀನಿನಲ್ಲಿ ಅಣ್ಣಂದಿರು ನನಗೆ ಪಾಲು ಕೊಟ್ಟಿಲ್ಲ. ಪಾಲು ಕೇಳಿ ದಾವೆ ಹಾಕಲು ವಕೀಲರನ್ನು ನೇಮಿಸಿಕೊಡಿ. ನಾನು ಮಹಿಳೆಯಾದ್ದರಿಂದ ಕಾಯ್ದೆಯ 12ನೇ ಕಲಮಿನಂತೆ ಇದಕ್ಕೆ ಅರ್ಹಳು.’

ಕೆಳಗೆ ವಿಳಾಸ, ಫೋನ್ ನಂಬರು, ತಾರೀಕು, ಸಹಿ. ಮುಗಿಯಿತು. ಅಣ್ಣನ ಹೆಂಡತಿ ಹಬ್ಬದ ದಿನ ಏನಂದಳು ಅನ್ನುವುದು ಬೇಡ, ಅದನ್ನು ವಕೀಲರಿಗೆ ಹೇಳೋಣ. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಸಾಕು. ಕಚೇರಿಯವರು ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು, ಅದು ನಿಯಮದಲ್ಲೇ ಇದೆ.

ಈಗ ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ನಾನು ಹೊಸದಾಗಿ ಸೇರಿದಾಗ ಒಬ್ಬ ಅಜ್ಜಿಯ ಅರ್ಜಿ ಬರೆದು, ಇನ್ನೊಂದು ಕಚೇರಿಗೆ ಹೋಗಿ ಕೊಟ್ಟು ಬನ್ನಿ ಅಂತ ಕಳಿಸಿದೆ. ಸ್ವೀಕೃತಿ ತರಲು ಹೇಳಲಿಲ್ಲ. ತಿಂಗಳು ಕಳೆದು ವಿಚಾರಿಸಿದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು. ಕೊಟ್ಟಿದ್ದೇನೆ ಅಂತ ತೋರಿಸಲು ಅಜ್ಜಿಯ ಹತ್ತಿರ ಏನೂ ಇರಲಿಲ್ಲ. ಎರಡು ಬಸ್ಸು ಬದಲಿಸಿ ಮತ್ತೆ ಬಂದರು ಪಾಪ. ತಪ್ಪು ನನ್ನದೇ. ಅರ್ಜಿ ಸಿಕ್ಕ 7 ದಿನದೊಳಗೆ ತೀರ್ಮಾನ ಹೇಳಬೇಕು ಅಂತ ನಿಯಮವಿದೆ. ಆದರೆ ಆ 7 ದಿನ ಎಲ್ಲಿಂದ ಎಣಿಸುತ್ತೀರಿ? ಸೀಲಿನ ಮೇಲಿನ ತಾರೀಕಿನಿಂದ ತಾನೇ.

ಅರ್ಜಿ ಒಪ್ಪಿದ ಮೇಲೆ ಪ್ಯಾನಲ್‌ನಿಂದ, ಅಂದರೆ ಸಮಿತಿಯ ವಕೀಲರ ಪಟ್ಟಿಯಿಂದ, ಒಬ್ಬ ವಕೀಲರನ್ನು ನೇಮಿಸುತ್ತಾರೆ. ಅವರ ಫೀಸು, ಕೋರ್ಟ್ ಶುಲ್ಕ, ಟೈಪಿಂಗ್, ನಕಲು, ಎಲ್ಲ ಸಮಿತಿಯ ಖರ್ಚು. ಪ್ಯಾನಲ್ ವಕೀಲರು ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ. ಕೇಳಿದರೆ? ಒಬ್ಬರು ಹೀಗೆ ‘ಓಡಾಟದ ಖರ್ಚು’ ಅಂತ ಕೇಳಿದ್ದರು. ಆ ಹೆಂಗಸು ಕಿವಿಯ ಓಲೆ ಅಡವಿಡಲು ಹೊರಟಿದ್ದಳು. ಜಗಳ ಆಡಬೇಡಿ. ಅಧ್ಯಕ್ಷರಿಗೆ ನಾಲ್ಕು ಸಾಲು ಬರೆದು ಕೊಡಿ, ವಕೀಲರನ್ನು ಬದಲಿಸಿಕೊಡಿ ಅಂತ ಕೇಳಿ. ಅವಳಿಗೆ ಬದಲಿಸಿಕೊಟ್ಟರು. ಒಳ್ಳೆಯ ಪ್ಯಾನಲ್ ವಕೀಲರೂ ಬೇಕಾದಷ್ಟು ಜನ ಇದ್ದಾರೆ, ಅದನ್ನೂ ಹೇಳಬೇಕು. ಆದರೆ ನೀವು ಪ್ರತಿ ಡೇಟಿಗೂ ಹೋಗಿ. ವಕೀಲರಿದ್ದಾರಲ್ಲ ಅಂತ ಮನೆಯಲ್ಲಿ ಕೂರಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಆ ದಿನ ಏನಾಯಿತು, ಮುಂದಿನ ತಾರೀಕು ಯಾವುದು ಬರೆದಿಡಿ.

ನನ್ನಂಥ ವಾಲಂಟಿಯರುಗಳು ನಮ್ಮಲ್ಲಿ ಶುರುವಾದದ್ದು 2009ರಲ್ಲಿ. ತರಬೇತಿಯಲ್ಲಿ ಬೇರೆ ದೇಶಗಳ ಕತೆ ಹೇಳಿದಾಗ ನನಗೆ ಧೈರ್ಯ ಬಂತು. ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧ ಮುಗಿದಾಗ ಇದ್ದ ಸ್ವಲ್ಪ ವಕೀಲರೂ ಹೆಚ್ಚಾಗಿ ರಾಜಧಾನಿಯಲ್ಲೇ ಇದ್ದರಂತೆ. 2003ರಲ್ಲಿ ‘ತಿಮಾಪ್ ಫಾರ್ ಜಸ್ಟಿಸ್’ ಅನ್ನುವ ಸಂಸ್ಥೆ ಹಳ್ಳಿಗಳ ಜನರಿಗೇ ಕಾನೂನು ಕಲಿಸಿ ಕೂರಿಸಿತು. 2012ರಲ್ಲಿ ಅಲ್ಲಿನ ಕಾನೂನೇ ಅಂಥವರನ್ನು ಒಪ್ಪಿಕೊಂಡಿತು. ಮಲಾವಿ ದೇಶದಲ್ಲಿ ಪ್ಯಾರಾ ಲೀಗಲ್‌ಗಳು ಜೈಲಿನೊಳಗೆ ಹೋಗಿ ಕೈದಿಗಳಿಂದಲೇ ನಾಟಕ ಆಡಿಸುತ್ತಾರೆ. ಒಬ್ಬ ನ್ಯಾಯಾಧೀಶ, ಒಬ್ಬ ಆರೋಪಿ. ಆಡುತ್ತಾ ಆಡುತ್ತಾ ಜಾಮೀನು ಹೇಗೆ ಕೇಳಬೇಕು ಅಂತ ಕಲಿಯುತ್ತಾರೆ. ಶಾಲೆಯಲ್ಲಿ ಇಪ್ಪತ್ತು ವರ್ಷ ನಾಟಕ ಆಡಿಸಿದವಳು ನಾನು, ಇದು ನನಗೆ ಹೊಳೆಯಲಿಲ್ಲವಲ್ಲ ಅನ್ನಿಸಿತು. ‘ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್’ ಅಂತ ಇನ್ನೊಂದು ಸಂಸ್ಥೆ ಇದೆ. ಕಾನೂನಿನ ಆಳ್ವಿಕೆ ಯಾವ ದೇಶದಲ್ಲಿ ಹೇಗಿದೆ ಅಂತ ಅಳೆದು ಪಟ್ಟಿ ಮಾಡುತ್ತದೆ. 2024ರ ಪಟ್ಟಿಯಲ್ಲಿ 142 ದೇಶಗಳಿದ್ದವು, ನಾವು 79ನೆಯವರು. ಅವರು ಅಳೆಯುವ ಸಂಗತಿಗಳಲ್ಲಿ ಒಂದು, ಸಾಮಾನ್ಯ ಜನಕ್ಕೆ ಕೋರ್ಟಿನ ಖರ್ಚು ಕೈಗೆಟುಕುತ್ತದಾ ಅನ್ನುವುದು. ಅಂದರೆ ‘ಎಷ್ಟಾಗುತ್ತೆ?’ ಅಲ್ವಾ.

ರಾಜಿ ಆಗುವ ತಕರಾರಾದರೆ ಲೋಕ ಅದಾಲತ್ ಒಳ್ಳೆಯದು. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಆಸ್ತಿ ಪಾಲು, ಇಂಥವು. ಕೇಸು ಹಾಕುವ ಮೊದಲೇ ಹೋಗಬಹುದು. ಮೊದಲೇ ಕೇಸು ಹಾಕಿ ಕಟ್ಟಿದ್ದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಆದರೆ ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ತೀರಾ ಕಡಿಮೆ ಕಾರಣಗಳಿಗೆ ಹೈಕೋರ್ಟಿಗೆ ರಿಟ್ ಹಾಕುವ ಒಂದು ಸಣ್ಣ ಕಿಂಡಿ ಇದೆ, ಅದನ್ನು ನಂಬಿಕೊಳ್ಳಬೇಡಿ. ನನಗೆ ಗೊತ್ತಿರುವ ಅಕ್ಕತಂಗಿಯರಿಬ್ಬರು ಅಣ್ಣನ ಜೊತೆ ಸಂತೋಷವಾಗಿಯೇ ರಾಜಿಯಾದರು. ತಲಾ 20 ಗುಂಟೆ ಬಂತು. ಮಳೆ ಬಿದ್ದು ಉಳುಮೆಗೆ ಹೊರಟಾಗ ಗೊತ್ತಾಯಿತು, ಜಮೀನಿಗೆ ಗಾಡಿ ದಾರಿಯೇ ಇಲ್ಲ. ದಾರಿ ಇದ್ದದ್ದು ಅಣ್ಣನ ಪಾಲಿನಲ್ಲಿ. ರಾಜಿ ಪತ್ರದಲ್ಲಿ ಅದರ ಮಾತೇ ಇರಲಿಲ್ಲ. ಹಾಗಾಗಿ ಸಹಿಗೆ ಮೊದಲು ಯಾರಾದರೂ ಜೋರಾಗಿ ಓದಿ ಹೇಳಲಿ. ದಾರಿ, ಬಾವಿ, ಬೋರ್‌ವೆಲ್, ಮರ, ದುಡ್ಡು ಯಾವ ತಾರೀಕಿಗೆ, ಒಂದೊಂದಾಗಿ ಕೇಳಿ. ಇಷ್ಟವಿಲ್ಲದಿದ್ದರೆ ಆಗಲ್ಲ ಅನ್ನಿ. ಯಾರೂ ಬಲವಂತ ಮಾಡುವ ಹಾಗಿಲ್ಲ. ಕೇಸು ಮೊದಲಿನ ಹಾಗೆ ಮುಂದುವರಿಯುತ್ತದೆ.

ಮನೆಯವರನ್ನು ಪೊಲೀಸರು ಕರೆದುಕೊಂಡು ಹೋದರೆ ಮಾತ್ರ ಅರ್ಜಿ, ಸೀಲು ಅಂತ ಕೂರಬೇಡಿ. 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಯ ಸಹಾಯವಾಣಿ, ಕರೆಗೆ ಕಾಸಿಲ್ಲ. ಬಂಧಿಸಿದ 24 ಗಂಟೆಯೊಳಗೆ, ದಾರಿಯ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿ ಮೊದಲ ದಿನವೇ ವಕೀಲರನ್ನು ಕೇಳಬಹುದು. ಆರೋಪಿ ಕೇಳದಿದ್ದರೂ ಕೊಡಬೇಕು ಅಂತ ಸುಪ್ರೀಂ ಕೋರ್ಟು 1986ರಲ್ಲೇ ಸುಖ್ ದಾಸ್ ಪ್ರಕರಣದಲ್ಲಿ ಹೇಳಿದೆ. ಆದರೂ ಬಾಯಿಬಿಟ್ಟು ಕೇಳಿ. ‘ಸಾರ್, ನಮಗೆ ವಕೀಲರಿಲ್ಲ, ಕಾನೂನು ಸೇವಾ ಸಮಿತಿಯಿಂದ ಕೊಡಿಸಿ’ ಅಂದರೆ ಸಾಕು.

ಎಲ್ಲದಕ್ಕೂ ಕೇಸು ಬೇಕಾಗಿಲ್ಲ ಅನ್ನುವುದೂ ನೆನಪಿರಲಿ. ವಿಧವಾ ವೇತನ ನಿಂತಿದೆ, ಕೂಲಿ ಬಂದಿಲ್ಲ ಅನ್ನುವಂಥದ್ದು ಎಷ್ಟೋ ಸಲ ಒಂದು ಪತ್ರದಲ್ಲೇ ಮುಗಿದಿದೆ. ಸುಮ್ನೆ ಬಂದು ಕೇಳಿ. ಎರಡು ಗಂಟೆಗೆ ಎಲ್ಲರೂ ಊಟಕ್ಕೆ ಏಳುತ್ತಾರೆ, ಆ ಹೊತ್ತು ಬಿಟ್ಟು ಬನ್ನಿ. ಕನ್ನಡಕ ಮರೆಯಬೇಡಿ. ಜೆರಾಕ್ಸ್ ಅಂಗಡಿ ಗೇಟಿನ ಹೊರಗಿದೆ.