ಗುಜೋ ಹಚಿಮಾನ್‌ನ ಬೀದಿಯಲ್ಲಿ ಕುಣಿದದ್ದು

ಜಪಾನಿನ ಗಿಫು ಪ್ರಾಂತ್ಯದ ಗುಜೋ ಹಚಿಮಾನ್ ಊರಿಗೆ ಅಲ್ಲಿನ ಬೇಸಿಗೆಯ ಬೀದಿ ಕುಣಿತದಲ್ಲಿ ಕುಣಿಯಲೆಂದು ಹೋಗುವವರು ಆಗಸ್ಟ್ 13ರಿಂದ 16 ಬಿಟ್ಟು ಬೇರೆ ದಿನ ನೋಡಿಕೊಳ್ಳಿ. ಆ ನಾಲ್ಕು ರಾತ್ರಿ ಊರೆಲ್ಲ ಬೆಳಗಿನ ಜಾವದವರೆಗೆ ಕುಣಿಯುತ್ತದೆ ನಿಜ, ಆದರೆ ಉಳಿಯಲು ರೂಮು ಸಿಗುವುದು ಕಷ್ಟ, ಹೊಸಬರಿಗೆ ಹೆಜ್ಜೆ ಕಲಿಯಲು ಜಾಗವೂ ಇರುವುದಿಲ್ಲ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲವರೆಗೆ ಸುಮಾರು 30 ರಾತ್ರಿ ಈ ಕುಣಿತವಿರುತ್ತದೆ. ನಾನು ಜುಲೈ ಕೊನೆಯ ಸಾದಾ ರಾತ್ರಿಯೊಂದನ್ನು ಆರಿಸಿಕೊಂಡು ನಗೋಯಾದಿಂದ ಬಸ್ಸು ಹತ್ತಿದೆ.

ಮೊದಲು ಗೆತಾ, ಅಂದರೆ ಮರದ ಚಪ್ಪಲಿ, ಕೊಂಡೆ. ಅಂಗಡಿಯಲ್ಲಿ ಮರದ ಹಲಗೆ ಬೇರೆ, ಬಟ್ಟೆಯ ಪಟ್ಟಿ ಬೇರೆ. ಇಷ್ಟವಾದ ಪಟ್ಟಿ ತೋರಿಸಿದರೆ ನಮ್ಮ ಕಾಲಿನ ಅಳತೆಗೆ ಅಲ್ಲೇ ಬಿಗಿದು ಕೊಡುತ್ತಾರೆ. ಹಿಮ್ಮಡಿ ಹಲಗೆಯಿಂದ ತುಸು ಹೊರಗೇ ಇರಬೇಕಂತೆ. ಯುಕಾತಾ ಎಂಬ ಬೇಸಿಗೆಯ ತೆಳು ನಿಲುವಂಗಿ ಇಲ್ಲದಿದ್ದರೂ ನಡೆಯುತ್ತದೆ, ಗೆತಾ ಮಾತ್ರ ಬೇಕು: ನೂರಾರು ಜನ ಒಟ್ಟಿಗೆ ಡಾಂಬರಿಗೆ ಬಡಿಯುವ ಆ ಸದ್ದೇ ಅರ್ಧ ತಾಳ.

ಬೀದಿ ನಡುವೆ ಮರದ ಮಂಟಪ. ಅದರೊಳಗೆ ಹಾಡುವವರು, ಮೂರು ತಂತಿಯ ಶಾಮಿಸೆನ್ ವಾದ್ಯ, ಕೊಳಲು, ಡೋಲು. ಸುತ್ತ ಕುಣಿಯುವವರು. ನಿಂತು ನೋಡುವವರೇ ಕಡಿಮೆ, ಯಾರು ಬೇಕಾದರೂ ನುಗ್ಗಬಹುದು. ಒಟ್ಟು 10 ಹಾಡು, ಒಂದೊಂದಕ್ಕೂ ಒಂದೊಂದು ಕುಣಿತ. ಚೆನ್ನಾಗಿ ಕುಣಿಯುವ ಒಬ್ಬ ಅಜ್ಜಿಯನ್ನು ನೋಡಿಟ್ಟುಕೊಂಡು ಅವರ ಹಿಂದೆಯೇ ಸೇರಿಕೊಂಡೆ. ಕೈ ಮರೆತು ಮೊದಲು ಕಾಲು ಮಾತ್ರ ನೋಡಿದೆ. ಹೆಜ್ಜೆಗಳ ಸರಣಿ ಚಿಕ್ಕದು, ಮತ್ತೆ ಮತ್ತೆ ಅದೇ ಬರುತ್ತದೆ. ನಾಲ್ಕೈದು ಸುತ್ತಿಗೆ ಕಾಲು ಹಿಡಿತಕ್ಕೆ ಬಂತು, ಆಮೇಲೆ ಕೈ. ‘ಕವಾಸಾಕಿ’ ಎಂಬ ಹಾಡು ನಿಧಾನದ್ದು, ಕಲಿಯಲು ಅದೇ ಸರಿ. ‘ಹರುಕೋಮಾ’ದಲ್ಲಿ ಕುದುರೆಯ ಲಗಾಮು ಹಿಡಿದಂತೆ ಕೈ ಮಾಡಿ ಕುಪ್ಪಳಿಸಬೇಕು, ಬೆವರಿಳಿಯುತ್ತದೆ. ಕೊನೆಗೆ ಬರುವ ‘ಮಾತ್ಸುಸಾಕಾ’ಕ್ಕೆ ಮರದ ತುಂಡುಗಳ ತಾಳ ಬಿಟ್ಟರೆ ಬೇರೆ ವಾದ್ಯವಿಲ್ಲ. ಯುನೆಸ್ಕೊ 2022ರಲ್ಲಿ ಪಟ್ಟಿಗೆ ಸೇರಿಸಿದ 41 ಜಾನಪದ ಕುಣಿತಗಳಲ್ಲಿ ಗುಜೋದ ಈ ಬೀದಿ ಕುಣಿತವೂ ಒಂದು. ಅಲ್ಲಿ ಕುಣಿಯುವವರಿಗೆ ಅದರ ಗೊಡವೆ ಇದ್ದಂತೆ ಕಾಣಲಿಲ್ಲ.

ಹಗಲು ನೋಡಬೇಕಾದದ್ದು ನೀರು. ‘ಮಿಜುಫುನೆ’ ಎಂಬ ಮೆಟ್ಟಿಲು ಮೆಟ್ಟಿಲಾದ ತೊಟ್ಟಿಗಳಲ್ಲಿ ಮೇಲಿನದು ಕುಡಿಯಲು, ಕೆಳಗಿನದು ತರಕಾರಿ, ಪಾತ್ರೆ ತೊಳೆಯಲು. ಜಾರಿಹೋದ ಅನ್ನದ ಅಗುಳು ಕೆಳಗಿನ ಹೊಂಡದ ಮೀನಿಗೆ.

ಸಸ್ಯಾಹಾರಿಗಳಿಗೆ ಒಂದು ಮಾತು: ಸೋಬಾ ಎಂಬ ಶಾವಿಗೆಯ ಸಾರಿಗೆ ಸಾಮಾನ್ಯವಾಗಿ ಮೀನಿನ ರಸ ಬಿದ್ದಿರುತ್ತದೆ, ತಣ್ಣನೆ ತೋಫುವಿನ ಮೇಲೂ ಒಣಮೀನಿನ ಚೂರು ಉದುರಿಸುತ್ತಾರೆ. ಉಪ್ಪಿನಲ್ಲಿ ಊರಿಸಿದ ಉಮೆ ಹಣ್ಣಿಟ್ಟ ಅನ್ನದುಂಡೆಯಲ್ಲೇ ನನ್ನ ಹೊಟ್ಟೆ ತುಂಬಿತು.